ಭಿಂಡಾ ಅಂದರೆ ಬೆಂಡೆಯಲ್ಲ

ಎಪ್ಪತ್ತು ದಾಟುವವರೆಗೆ ಹೆದರಿಕೆ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇರೆಯವರನ್ನು ಹೆದರಿಸುವುದು ಮಾತ್ರ. ಕಾರವಾರದಲ್ಲಿ ಗುಮಾಸ್ತನಾಗಿದ್ದಾಗ ಸಾಹೇಬರ ಊಟದ ಡಬ್ಬಿಯಲ್ಲಿ ಜೀವಂತ ಏಡಿ ಇಟ್ಟವನು ನಾನು. ಮೀನು ಮಾರುವವಳ ಬುಟ್ಟಿಗೆ ರಬ್ಬರ್ ಹಾವು ಬಿಟ್ಟವನೂ ನಾನೇ, ಅದೇ ಹಾವಿನಿಂದ ಅವಳ ಕೈಯಲ್ಲಿ ಬಾರಿಸಿಕೊಂಡವನೂ ನಾನೇ. ಇಂಥವನ ನಿದ್ದೆಯನ್ನು ಒಂದು ವರ್ಷ ಕೆಡಿಸಿದ್ದು ಅರ್ಧ ಎಳ್ಳಿನಷ್ಟಿದ್ದ ಒಂದು ದುಂಬಿ. ಅದೂ ಸತ್ತದ್ದು.

ಕಾರವಾರದಲ್ಲೇ, ಹಬ್ಬುವಾಡದ ನಮ್ಮ ಮನೆಯ ಮಹಡಿಯಲ್ಲಿ ಮೈಸೂರು ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಸಣ್ಣ ದುಂಬಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಕದ್ವಾಡದ ಹೊಳೆದಂಡೆಯಿಂದ ತರಗೆಲೆ ತಂದು, ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿದು, ಓಡುವ ಚುಕ್ಕೆಗಳನ್ನು ಚಿಮುಟದಿಂದ ಹೆಕ್ಕಿ ಸ್ಪಿರಿಟ್ ಬಾಟಲಿಗೆ ಹಾಕುವುದು ಅವಳ ಕೆಲಸ. ಈಗಲೂ ಕನ್ನಡಕವಿಲ್ಲದೆ ಸೂಜಿಗೆ ನೂಲು ಪೋಣಿಸುವ ಕಣ್ಣು ನನ್ನದು. ಅವಳು ಒಂದು ಹೆಕ್ಕುವುದರೊಳಗೆ ನಾನು ಮೂರು ಹೆಕ್ಕುತ್ತಿದ್ದೆ. ಉತ್ಪ್ರೇಕ್ಷೆಯಲ್ಲ, ಎರಡಂತೂ ಖಂಡಿತ.

ಹೋದ ವರ್ಷ ಬೇಸಿಗೆಯಲ್ಲಿ ನನ್ನ ಹೆಂಡತಿ ಸಾರಿನ ಹುಳಿಗೆ ಅಂತ ತಾರಸಿಯ ಮೇಲೆ ಮುರುಗಲ ಹಣ್ಣಿನ ಸಿಪ್ಪೆ ಒಣಹಾಕಿದ್ದಳು. ನಮ್ಮ ಮನೆಯ ಕೊಂಕಣಿಯಲ್ಲಿ ಮುರುಗಲಿಗೆ ಭಿಂಡಾ ಅನ್ನುತ್ತಾರೆ. ಕಾಗೆ ಓಡಿಸಲು ಕೂತಿದ್ದ ನನಗೆ ಸಿಪ್ಪೆಯ ಮೇಲೆ ಒಂದು ಚುಕ್ಕೆ ನಡೆಯುವುದು ಕಂಡಿತು. ಹುಡುಗಿಯ ಕಣ್ಣು ಎಷ್ಟು ಚುರುಕು ನೋಡೋಣ ಅಂತ ಅದನ್ನು ಅವಳ ಕದ್ವಾಡದ ಬಾಟಲಿಗೆ ಹಾಕಿದೆ. ಅವಳು ಕಂಡುಹಿಡಿಯಬೇಕು, ನಾನು ಚಪ್ಪಾಳೆ ತಟ್ಟಿ ನಗಬೇಕು. ತಮಾಷೆ ಅಷ್ಟೇ.

ಅವಳು ಕಂಡುಹಿಡಿದಳು. ಸೂಕ್ಷ್ಮದರ್ಶಕದಿಂದ ತಲೆ ಎತ್ತಿದವಳ ಕಣ್ಣಲ್ಲಿ ನೀರಿತ್ತು. "ಅಜ್ಜಾ, ಇದು ಹೊಸದು! ಇದಕ್ಕೆ ಇನ್ನೂ ಹೆಸರೇ ಇಲ್ಲ!"

ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆಯಷ್ಟರಲ್ಲಿ ಅವಳು ತನ್ನ ಗೈಡ್‌ಗೆ ಫೋನು ಮಾಡಿಯಾಗಿತ್ತು.

ಮಳೆಗಾಲವಿಡೀ ಆ ದುಂಬಿಯ ವರ್ಣನೆ ನಡೆಯಿತು. ಅವಳು ಕಣ್ಣು ಕದಲಿಸದೆ ಹೇಳುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೈಬಣ್ಣ ಕಡು ಚಹಾದಂತೆ. ಕಾಲು ಅದಕ್ಕಿಂತ ತಿಳಿ. ಮೀಸೆಯಲ್ಲಿ ಹನ್ನೊಂದು ಗೆಣ್ಣು, ಕೊನೆಯ ಮೂರು ಗದೆಯಂತೆ ದಪ್ಪ. ರೆಕ್ಕೆಯ ಚಿಪ್ಪಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು, ಪ್ರತಿ ಗುಳಿಯಲ್ಲಿ ಒಂದು ಕೂದಲು. ಅದು ಗಂಡೆಂದು ತೋರಿಸಲು ಹೊಟ್ಟೆ ಬಿಡಿಸಿ ಅಲ್ಲಿಯ ಚಿತ್ರವನ್ನೂ ಬರೆಯಬೇಕಂತೆ. "ಪಾಪ, ಅದಕ್ಕೆ ಮರ್ಯಾದಿ ಬ್ಯಾಡ್ವೇನೆ ತಂಗೀ?" ಅಂದೆ. ಅವಳು ನಕ್ಕಳು. ನಾನೂ ನಕ್ಕೆ. ಆದರೆ ಕೊನೆಯಲ್ಲಿ "ಸಿಕ್ಕ ಸ್ಥಳ: ಕದ್ವಾಡ, ತರಗೆಲೆ" ಅಂತ ಬರೆಸಿದಾಗ ಡ ಅಕ್ಷರವನ್ನು ಎರಡು ಸಲ ಹೊಡೆದುಹಾಕಿ ಬರೆದೆ.

ಲೇಖನವನ್ನು ವಿಜ್ಞಾನ ಪತ್ರಿಕೆಗೆ ಕಳಿಸಿದಳು. ಒಂದೇ ದುಂಬಿ ಸಾಲದು, ಅದೇ ಜಾಗದಿಂದ ಇನ್ನಷ್ಟು ತನ್ನಿ ಅಂತ ಉತ್ತರ ಬಂತು. ಅವಳು ಕದ್ವಾಡಕ್ಕೆ ಹೋದಳು. ಮತ್ತೆ ಹೋದಳು. ಉಣ್ಣಿ ಕಚ್ಚಿಸಿಕೊಂಡು, ಖಾಲಿ ಬಾಟಲಿ ಹಿಡಿದು ಮೆಟ್ಟಿಲು ಹತ್ತುವ ಅವಳ ಚಪ್ಪಲಿಯ ಸದ್ದು ಕೇಳಿದರೆ ನಾನು ಹಿತ್ತಿಲ ಬಾಗಿಲಿನಿಂದ ಹೊರಗೆ ಜಾರಿಕೊಳ್ಳುತ್ತಿದ್ದೆ.

"ಸಿಗ್ದೇ ಇದ್ರೆ ಎಂತ ಆಗ್ತದೆ?" ಅಂತ ಕೇಳಿದೆ.

"ಎಲ್ಲಿಂದಲೋ ತಂದು ಹಾಕಿದ್ದಾಳೆ ಅಂತಾರೆ. ಆಮೇಲೆ ನಾನು ಏನು ತೋರಿಸಿದ್ರೂ ಯಾರೂ ನಂಬಲ್ಲ ಅಜ್ಜ."

ಆ ವಾರ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಈ ಬೇಸಿಗೆಯ ಒಂದು ಸಂಜೆ, ಅವಳು ಮೆಟ್ಟಿಲ ಮೇಲೆ ಕೂತು ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ, ಹೇಳಿಬಿಟ್ಟೆ: "ತಂಗೀ, ಆ ಹುಳ ಭಿಂಡಾದಲ್ಲಿ ಇತ್ತು."

ಜೀವ ಬಾಯಿಗೆ ಬಂದಾಗ ನನ್ನ ನಾಲಿಗೆ ಕೊಂಕಣಿಗೆ ಹೊರಳುತ್ತದೆ. ಅವಳ ಕಿವಿ ಕನ್ನಡದ್ದು.

"ಬೆಂಡೆಯಲ್ಲಿತ್ತಾ? ಹೌದಲ್ಲ ಅಜ್ಜ! ಹೊಳೆದಂಡೆ ಪಕ್ಕ ಬೆಂಡೆ ಗದ್ದೆ ಇದೆ! ಅಲ್ಲಿಂದ ಬಂದಿರಬೇಕು!" ಓಡಿಹೋಗಿ ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟಳು.

ಒಂದು ಸುಳ್ಳಿನ ಜಾಗದಲ್ಲಿ ಎರಡಾದವು. ನಿಜ ಹೇಳಿ ಸುಳ್ಳು ಹುಟ್ಟಿಸಿದ್ದು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಚಾವಾಗುತ್ತಿದ್ದೆ, ಸುಳ್ಳಲ್ಲ. ಮರುದಿನ ಅವಳು ಬೆಂಡೆ ಗದ್ದೆಗೆ ಹೊರಟು ನಿಂತಾಗ ಬಾಗಿಲಿಗೆ ಅಡ್ಡ ನಿಂತೆ. ಎಲ್ಲ ಹೇಳಿದೆ, ಈ ಸಲ ಕನ್ನಡದಲ್ಲೇ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಗಲ ಚೀಲ ಇಳಿಸಿ, ಜರಡಿ ಹೊರತೆಗೆದು ಗೋಡೆಗೆ ಒರಗಿಸಿದಳು. ಬೈದದ್ದು ನನ್ನ ಹೆಂಡತಿ. "ಹೋಯ್, ಮಳ್ಳೇನ್ರಿ ನಿಮ್ಗೆ? ಹೆಣ್ಹುಡ್ಗಿ ಓದಿನ ಸಂಗ್ತಿ ಆಟಾ ಆಡುದಾ?"

ಹುಡುಗಿ ಕೇಳಿದ್ದು ನನ್ನನ್ನಲ್ಲ, ನನ್ನ ಹೆಂಡತಿಯನ್ನು. "ಅಜ್ಜೀ, ಆ ಹಣ್ಣು ಎಲ್ಲಿಯದು?"

"ಅಂಕೋಲೆ ಬದಿದು. ನನ್ನ ತೌರಮನೆ ಹಿತ್ಲಲ್ಲಿ ಮರ ಅದೆ. ಈಗೂ ಹಣ್ಣು ಬಿದ್ದಿರ್ತದೆ."

ಮೂವರೂ ಅಂಕೋಲೆ ಬಸ್ಸು ಹತ್ತಿದೆವು. ಹುಡುಗಿ ನನ್ನ ಪಕ್ಕ ಕೂರಲಿಲ್ಲ. ಮರದಡಿ ಕೆಂಪಗೆ ಕೊಳೆತ ಹಣ್ಣಿನ ರಾಶಿ, ನೊಣ. ಬಿಳಿ ಬಟ್ಟೆ ಹಾಸಿದಳು, ಜರಡಿ ಹಿಡಿದಳು. ಇರುವೆ, ಕಸ, ಮತ್ತೆ ಇರುವೆ. ಬಿಸಿಲು ಏರಿತು. ಇಲ್ಲೂ ಸಿಗದಿದ್ದರೆ ಆ ದುಂಬಿಗೆ ಊರೇ ಇಲ್ಲ, ಇವಳ ವರ್ಷಕ್ಕೆ ಅರ್ಥವಿಲ್ಲ. ಆಗ ಬಟ್ಟೆಯ ಅಂಚಿನಲ್ಲಿ ಚಹಾ ಬಣ್ಣದ ಚುಕ್ಕೆಯೊಂದು ನಡೆಯಿತು. "ಅಕಾ, ಅಲ್ಲಿ!" ಅಂತ ಕೂಗಿ ಕೈಚಾಚಿದೆ.

ಅವಳು ಚುಕ್ಕೆ ನೋಡಲಿಲ್ಲ. ನನ್ನ ಕೈ ನೋಡಿದಳು.

"ಇದನ್ನೂ ನೀವೇ ಹಾಕಿದ್ರಾ ಅಜ್ಜ?"

ಅಂಥ ಹೆದರಿಕೆ ನನಗೆ ಆಮೇಲೆ ಆಗಿಲ್ಲ. ದೇವರಾಣೆ ಅಂದೆ, ನನ್ನ ಆಣೆಯ ಬೆಲೆ ಊರಿಗೇ ಗೊತ್ತು. ನನ್ನ ಹೆಂಡತಿ ಜೇಬು ತಿರುವಿ ಹಾಕಿಸಿ, ಬಾವಿಕಟ್ಟೆಯ ಮೇಲೆ ಕೂರಿಸಿದಳು. ಕೈ ಎರಡೂ ತಲೆಯ ಮೇಲೆ. ಅಲ್ಲಿಂದ ಬಟ್ಟೆ ಕಾಣುತ್ತಿರಲಿಲ್ಲ, ಹುಡುಗಿಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನನ್ನೇ ನೋಡುತ್ತ, ನನ್ನ ಕೈಗೆಟುಕದ ಒಂದಾದರೂ ದುಂಬಿಯನ್ನು ಕೊಡು ಅಂತ ಬೇಡಿಕೊಂಡೆ.

"ಒಂದು," ಅಂದಳು ಹುಡುಗಿ. ತುಸು ಹೊತ್ತಿಗೆ, "ಎರಡು." ಏಳನೆಯದಕ್ಕೆ ಅವಳ ದನಿ ಒಡೆಯಿತು.

ಲೇಖನದಲ್ಲೀಗ ಅಂಕೋಲೆಯ ಮುರುಗಲ ಮರವಿದೆ, ಮೊದಲ ದುಂಬಿಯ ನಿಜವಾದ ಕತೆಯೂ ಇದೆ. ನಾನು ಮತ್ತೆ ಅವಳ ಮೇಜಿನ ಬಳಿ ಕೂರುತ್ತೇನೆ. ಚಿಮುಟ ಮುಟ್ಟುವ ಮೊದಲು ಎರಡೂ ಅಂಗೈ ಬಿಡಿಸಿ ತೋರಿಸಬೇಕು. ಅವಳು ಬೆರಳ ಸಂದಿಯನ್ನೂ ನೋಡುತ್ತಾಳೆ.