ಕಳ್ಳನಿಗೆ ಕನ್ನಡ ಬಾರದು

ನನ್ನದು ಬೇಗ ಸಿಟ್ಟು ಬರುವ ಸ್ವಭಾವ. ಬಸ್ಸು ನಿಲ್ಲಿಸದೆ ಹೋದರೆ ಸಿಟ್ಟು, ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಸಿಟ್ಟು, ಕಡಿಮೆಯಾದರಂತೂ ಕೇಳುವುದೇ ಬೇಡ. ಅವೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ಇಳಿದುಹೋಗುತ್ತವೆ. ಇಳಿಯದ ಸಿಟ್ಟೊಂದಿದೆ, ಅದು ನಾನು ಮುಖವೇ ನೋಡದ ಒಬ್ಬ ಕಳ್ಳನ ಮೇಲೆ. ಬೈಯೋಣವೆಂದರೆ ಅವನ ಊರು ಗೊತ್ತಿಲ್ಲ, ಅಪ್ಪನ ಹೆಸರು ಗೊತ್ತಿಲ್ಲ. ಅಪ್ಪನ ಹೆಸರು ಗೊತ್ತಿಲ್ಲದವನನ್ನು ಬೈದರೆ ನಾಲಗೆಗೆ ರುಚಿಯೇ ಹತ್ತುವುದಿಲ್ಲ.

ನಡೆದದ್ದು ಕಾಸರಗೋಡಿನ ಕಡೆಯ ಮೊಗ್ರಾಲಿನ ಹತ್ತಿರ, ನಮ್ಮ ವಾಚನಾಲಯದಲ್ಲಿ. ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಅದರ ಕಾರ್ಯದರ್ಶಿ. ಅಂದರೆ ಬೀಗ ತೆಗೆಯುವವನು, ಕಸ ಗುಡಿಸುವವನು, ಪತ್ರಿಕೆ ತಡವಾದರೆ ಬೈಸಿಕೊಳ್ಳುವವನು. ಅಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರೊಳಗೆ ಸುಮತಿ ಟೀಚರ ಎಷ್ಟೋ ವರ್ಷಗಳ ಸಂಜೆಗಳಿದ್ದವು. ಹತ್ತನೆಯ ತರಗತಿಯ ಮಕ್ಕಳಿಗೆ ಬೇಕಾದ ಅಭ್ಯಾಸದ ಪ್ರಶ್ನೆ, ಟಿಪ್ಪಣಿ ಎಲ್ಲ ನಮ್ಮಲ್ಲಿ ಮೊದಲು ಸಿಗುವುದು ಮಲಯಾಳದಲ್ಲಿ. ಕನ್ನಡದ್ದು ಬರುವಾಗ ಪರೀಕ್ಷೆಯೂ ಬಂದಿರುತ್ತದೆ. ಕೆಲವೊಮ್ಮೆ ಪರೀಕ್ಷೆ ಮಾತ್ರ ಬರುತ್ತದೆ. ಹಾಗಾಗಿ ಟೀಚರು ಸಂಜೆ ಶಾಲೆ ಬಿಟ್ಟೊಡನೆ ನಮ್ಮಲ್ಲಿಗೆ ಬಂದು, ಮಲಯಾಳ ನೋಡುತ್ತ ಕನ್ನಡದಲ್ಲಿ ಟೈಪು ಕುಟ್ಟುತ್ತಿದ್ದರು. ಭೌತಶಾಸ್ತ್ರ, ಜೀವಶಾಸ್ತ್ರ, ಗಣಿತ. ಇದಕ್ಕೆ ಅವರಿಗೆ ಯಾರೂ ಸಂಬಳ ಕೊಟ್ಟವರಲ್ಲ. ನಾನು ಚಹಾ ಕೊಟ್ಟಿದ್ದೇನೆ, ಅದೂ ಸಕ್ಕರೆ ನೋಡಿ.

ನಾವು ಎಚ್ಚರಿಕೆಯಿಲ್ಲದ ಜನ ಎಂದುಕೊಳ್ಳಬೇಡಿ. ಎಲ್ಲದರ ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿತ್ತು. ಆದರೆ ನಮ್ಮೂರಿನ ಪದ್ಧತಿ ನಿಮಗೆ ಗೊತ್ತಲ್ಲ? ಏಣಿ, ದೊಡ್ಡ ಪಾತ್ರೆ, ಕೊಡೆ, ಯಾವುದು ಉಪಯೋಗಕ್ಕೆ ಬರುತ್ತದೋ ಅದು ಇದ್ದಲ್ಲಿ ಇರುವುದಿಲ್ಲ. “ನಾಳೆ ತರ್ತೇನೆ ಮಾಷ್ಟ್ರೆ” ಎಂದು ಯಾರೋ ಮದುವೆಯ ವೀಡಿಯೋ ಹಾಕಿಸಲು ಒಯ್ದ ಆ ಡಿಸ್ಕು ಮದುಮಗಳ ಸೀಮಂತದ ಹೊತ್ತಿಗೆ ಮರಳಿತು. ಸಮಿತಿ ಕೆರಳಿತು. ಆಚಾರಿಯನ್ನು ಕರೆಸಿ ಹಲಸಿನ ಮರದ ಪೆಟ್ಟಿಗೆ ಮಾಡಿಸಿ, ಮೇಜಿಗೆ ಮೊಳೆ ಹೊಡೆಸಿ, ಡಿಸ್ಕನ್ನು ಒಳಗಿಟ್ಟು ಬೀಗ ಜಡಿದೆವು. ವಯರು ಮಾತ್ರ ತೂತಿನಿಂದ ಹೊರಬಂದು ಸದಾಕಾಲ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇತ್ತು. ಬೀಗದ ಕೈ ನನ್ನ ಸೊಂಟದಲ್ಲಿ. ಇನ್ನು ಯಾವ ಮಗ ಮುಟ್ಟುತ್ತಾನೆ ನೋಡೋಣ ಎಂದು ನಾನು ಎದೆ ಸೆಟೆಸಿ ತಿರುಗುತ್ತಿದ್ದೆ.

ಪರೀಕ್ಷೆ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ನೆರೆಯ ಹಮೀದ್ ಓಡಿಬಂದ. ಅವನ ವೀಸಾ ಇಮೇಲಿನಲ್ಲಿ ಬಂದಿದೆಯಂತೆ, ಪ್ರಿಂಟ್ ಬೇಕಂತೆ. ಈ ಕರಾವಳಿಯಲ್ಲಿ ವೀಸಾ ಪ್ರಿಂಟಿಗೆ ಬಂದವನಿಗೆ ಇಲ್ಲ ಎನ್ನುವುದು ಬಾಯಾರಿ ಬಂದವನಿಗೆ ನೀರಿಲ್ಲ ಎಂದ ಹಾಗೆ. ಅವನು ನಮ್ಮ ಕಂಪ್ಯೂಟರಿನಲ್ಲಿ ಇಮೇಲ್ ತೆರೆದು ಅದನ್ನು ಒತ್ತಿದ. ಏನೂ ಬರಲಿಲ್ಲ. “ಇನ್ನೊಮ್ಮೆ ಒತ್ತು ಮಾರಾಯ” ಎಂದೆ. ಒತ್ತಿದ. ಸ್ವಲ್ಪ ಹೊತ್ತಿಗೆ ಪರದೆ ಕೆಂಪಾಯಿತು. ಅದು ವೀಸಾ ಅಲ್ಲ, ವೀಸಾದ ವೇಷ. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಹಣ ಕಳಿಸಿದರೆ ತೆಗೆಯುತ್ತೇವೆ, ತೊಂದರೆಗೆ ವಿಷಾದಿಸುತ್ತೇವೆ ಎಂಬ ಒಕ್ಕಣೆ.

ವಿಷಾದವಂತೆ! ಅರವತ್ತನಾಲ್ಕು ವಿದ್ಯೆಗಳಲ್ಲಿ ಕಳವೂ ಒಂದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಪ್ಪೋಣ. ಹಳೆಯ ಕಾಲದ ಕಳ್ಳನಿಗೆ ಕನ್ನ ಕೊರೆಯುವ ಶ್ರಮವಿತ್ತು, ನಾಯಿಯ ಹೆದರಿಕೆಯಿತ್ತು, ಕದ್ದದ್ದು ಅವನ ಉಪಯೋಗಕ್ಕಾದರೂ ಬರುತ್ತಿತ್ತು. ಇವನು ನಮ್ಮ ಸೊತ್ತನ್ನು ನಮ್ಮ ಮನೆಯಲ್ಲೇ ಬಿಟ್ಟು, ನಮಗೇ ಸಿಗದ ಹಾಗೆ ಮಾಡಿ, ಎಲ್ಲೋ ತಣ್ಣಗೆ ಕುಳಿತಿದ್ದಾನೆ. ಇದು ವಿದ್ಯೆಯೂ ಅಲ್ಲ, ಮಣ್ಣೂ ಅಲ್ಲ.

ಒಕ್ಕಣೆಯ ಮೂಲೆಯಲ್ಲಿ ಭಾಷೆಗಳ ಪಟ್ಟಿಯಿತ್ತು. ಬೇಕಾದ ಭಾಷೆ ಆರಿಸಿ ಓದಬಹುದು! ಅರಬಿಯಿತ್ತು, ಚೀನಿಯಿತ್ತು, ಹೆಸರೇ ಕೇಳದ ಎಷ್ಟೋ ಇದ್ದವು. ಒಂದೊಂದು ಅರ್ಜಿಯಲ್ಲಿ, ಒಂದೊಂದು ಬೋರ್ಡಿನಲ್ಲಿ ಕನ್ನಡ ಬೇಕೆಂದು ಮನವಿ ಬರೆದೇ ಕೂದಲು ಹಣ್ಣಾದವನು ನಾನು. ಕೈ ತಾನಾಗಿ ಕೆಳಗೆ ಕೆಳಗೆ ಹುಡುಕಿತು. ಇರಲಿಲ್ಲ. ಮಲಯಾಳವೂ ಇರಲಿಲ್ಲ, ಆ ಕ್ಷಣಕ್ಕೆ ಸಿಕ್ಕಿದ ಸಮಾಧಾನ ಅದೊಂದೇ. ಆದರೆ ನೋಡಿ, ಇವನಿಗೆ ಕನ್ನಡದ ಒಂದಕ್ಷರ ಬಾರದು, ಬೀಗ ಹಾಕಿದ್ದು ಮಾತ್ರ ಕನ್ನಡದ ಪುಟಗಳಿಗೆ!

ಕಾಸರಗೋಡಿನಿಂದ ಬಂದ ರಿಪೇರಿಯವರು ನನ್ನ ಹಲಸಿನ ಪೆಟ್ಟಿಗೆಯನ್ನು ನೋಡಿ ತಲೆಗೆ ಕೈಯಿಟ್ಟರು.

“ಇದು ಯಾವಾಗ್ಲೂ ಸಿಕ್ಕಿಸಿಯೇ ಇತ್ತಾ? ಹಾಗಾದ್ರೆ ಇದೂ ಹೋಯ್ತು ಮಾಷ್ಟ್ರೆ. ಕಾಪಿ ತೆಗೆದ್ರೆ ವಯರು ತೆಗೆದು ಬೇರೆ ಕಡೆ ಇಡ್ಬೇಕು. ಹಣ ಕೊಟ್ರೂ ಅವ ತೆಗೆದು ಕೊಡ್ತಾನೆ ಅಂತ ಗ್ಯಾರಂಟಿ ಇಲ್ಲ.” ಮತ್ತೆ ಸಮಾಧಾನಕ್ಕೆಂದು, “ಮಲಯಾಳದ್ದು ನೆಟ್ಟಿನಲ್ಲಿ ಉಂಟಲ್ಲ, ಪುನಃ ತೆಗೀಬಹುದು” ಎಂದರು.

ಮಲಯಾಳದ್ದು ಎಲ್ಲೆಲ್ಲೂ ಉಂಟು. ಕನ್ನಡದ್ದು ಆ ಮೇಜಿನ ಮೇಲೆ ಮಾತ್ರ ಇತ್ತು. ಇದನ್ನು ಅವರಿಗೆ ಹೇಗೆ ಹೇಳುವುದು?

ಸಮಿತಿಯಲ್ಲಿ ಒಬ್ಬಿಬ್ಬರು ಹಣ ಕೊಟ್ಟು ನೋಡೋಣವೇ ಎಂದರು. ಸುಮತಿ ಟೀಚರು ಎದ್ದು ನಿಂತರು. “ಒಂದು ಪೈಸೆ ಕೊಡುದು ಬೇಡ. ನನ್ನ ಕೆಲಸಕ್ಕೆ ಬೆಲೆ ಕಟ್ಲಿಕ್ಕೆ ಅವ ಯಾರು?” ಎಂದರು. ಕಂಪ್ಯೂಟರನ್ನು ಪೂರ್ತಿ ಅಳಿಸಿ ಶುಚಿ ಮಾಡಿಸಿದೆವು. ಮರುದಿನ ಸಂಜೆ ಅವರು ಮೊದಲನೆಯ ಪಾಠದಿಂದ ಪುನಃ ಕುಟ್ಟಲು ಕುಳಿತರು. ಮಕ್ಕಳ ಪರೀಕ್ಷೆಯೊಳಗೆ ಮುಗಿಯುವ ಕೆಲಸ ಅಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಚಹಾ ಆರಿಹೋಗುತ್ತಿತ್ತು, ಅವರು ಮುಟ್ಟುತ್ತಿರಲಿಲ್ಲ.

ಆ ವಾರವೇ ಸುದ್ದಿ ಕೇಳಿ ಕುಂಜತ್ತೂರಿನಿಂದ ರುಕಿಯಾ ಬಂದಳು. ಟೀಚರ ಹಳೆಯ ಶಿಷ್ಯೆ; ಈಗ ಮದುವೆಯಾಗಿ ಮನೆಯಲ್ಲೇ ಕನ್ನಡ ಮಾಧ್ಯಮದ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಹೊಸ್ತಿಲ ಆಚೆಗೇ ನಿಂತು ಪೆನ್ ಡ್ರೈವೊಂದನ್ನು ಮುಂದೆ ಚಾಚಿದಳು.

“ಟೀಚರೇ, ಬೈಬೇಡಿ. ಹೋದ ವರ್ಷ ಇಲ್ಲಿಗೆ ಬಂದಾಗ ನೀವು ಟೈಪ್ ಮಾಡಿದ್ದೆಲ್ಲ ಕಾಪಿ ಮಾಡಿಕೊಂಡು ಹೋಗಿದ್ದೆ. ನಿಮ್ಮತ್ರ ಕೇಳ್ಲಿಲ್ಲ.”

ತಿದ್ದಿ ಮುಗಿಸದೆ ಒಂದು ಹಾಳೆಯನ್ನೂ ಹೊರಗೆ ಬಿಡದವರು ಸುಮತಿ ಟೀಚರು. ಅವರ ಮುಖ ಕೆಂಪೇರಿತು. ಬೈಬೇಡಿ ಎಂದರೆ ಬಿಡುವವರೇ?

“ಕೇಳದೆ ತೆಗೊಂಡು ಹೋಗುದಾ? ಇದನ್ನಾ ನಾನು ನಿನಗೆ ಕಲಿಸಿದ್ದು? ಅದರಲ್ಲಿ ಎಷ್ಟು ತಪ್ಪುಗಳು ಉಂಟು ಗೊತ್ತುಂಟಾ ನಿನಗೆ?” ಬೈಯುತ್ತಲೇ ಪೆನ್ ಡ್ರೈವನ್ನು ಎರಡೂ ಕೈಗಳಿಂದ ತೆಗೆದುಕೊಂಡರು. ಕಣ್ಣು ತುಂಬಿದ್ದು ಕಾಣದಿರಲೆಂದು ಇನ್ನಷ್ಟು ಜೋರು ಮಾಡಿದರು. “ಮತ್ತೆ ಯಾರಿಗೆಲ್ಲ ಕೊಟ್ಟಿದ್ದೀ? ಹೇಳು!”

ರುಕಿಯಾ ತಲೆತಗ್ಗಿಸಿದಳು. “ಕಾರಡ್ಕದಲ್ಲಿ ಇಬ್ಬರಿಗೆ ಕೊಟ್ಟಿದ್ದೆ ಟೀಚರೇ.”

ಟೀಚರ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

“ಇಬ್ಬರಿಗೆ ಮಾತ್ರವಾ?” ಎಂದು ಗದರಿದರು.