ಪುಟದ ಬಾಗಿಲಲ್ಲಿ ಯಾರೂ ನಿಲ್ಲದ ಹಾಗೆ

ಕ್ಯಾಲನೂರಿನ ಹಾಲಿನ ಡೇರಿಯ ಮುಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಮುರಳಿಮೋಹನ್, ತಾವು ನಿನ್ನೆ ತಿದ್ದಿದ ವೆಬ್‌ಪುಟವೊಂದನ್ನು ಮುಂದಿರುವವರ ಫೋನುಗಳಿಗೆ ಕಳಿಸುತ್ತಿದ್ದಾರೆ. ಗಾಜು ಒಡೆದ ಫೋನುಗಳು, ಹಾಲು ತಾಗಿ ಒದ್ದೆಯಾದ ಹೆಬ್ಬೆರಳುಗಳು, ಡೇರಿ ಗೋಡೆಯ ಹತ್ತಿರ ಸುಳಿದರೆ ಮಾಯವಾಗುವ ನೆಟ್‌ವರ್ಕ್. ಇಲ್ಲಿ ತೆರೆದುಕೊಂಡ ಪುಟ ಎಲ್ಲಿಯಾದರೂ ತೆರೆದುಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಈ ಬೆಳಗ್ಗೆ ಅವರ ಕಣ್ಣೆಲ್ಲ ಸಾಲಿನಲ್ಲಿ ತಮ್ಮ ಮುಂದಿರುವ ಅಂಜಮ್ಮನ ಮೇಲಿದೆ.

ಪುಟ ಶ್ರೀನಿವಾಸಪುರದ ನರ್ಸರಿಯೊಂದರದು, ಕಟ್ಟಿಕೊಟ್ಟವರು ಮುರಳಿಯೇ. ಟೊಮೆಟೊ ಸಸಿಯ ದರ ಅದರಲ್ಲಿದೆ. ಕಳೆದ ವಾರ ಇದೇ ಪುಟ ತೆರೆದ ಅಂಜಮ್ಮ ಫೋನನ್ನು ಎದೆಮಟ್ಟಕ್ಕೆ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದರು. ದರದ ಮೇಲೆ 'ನಿಮ್ಮ ಫೋನ್ ನಂಬರ್ ಕೊಡಿ' ಎಂಬ ಚೌಕವೊಂದು ಬಂದು ಕೂತಿತ್ತು. ಅದನ್ನು ಮುಚ್ಚುವ ಗುರುತು ಎಳ್ಳಿನಷ್ಟು. ಯಾಕೆ ಹಾಗೆ ನಿಂತಿರಿ ಎಂದು ಮುರಳಿ ಕೇಳಿದರೆ, ಮನೆಗೆ ಬಂದ ನೆಂಟರಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ, ತೆಲುಗು ಬೆರೆಸಿ ಹೇಳಿದರು:

"ಯಾರೋ ಅಡ್ಡ ನಿಂತವ್ರೆ ನಾಯನಾ. ಪೋನೀಲೇ, ಇರ್ಲಿ ಬಿಡು, ಅವ್ರು ಹೋಗ್ಲಿ, ಆಮೇಲೆ ನೋಡ್ತೀನಿ."

ಕೋಲಾರದಲ್ಲಿ ಓದಿ, ಕೆಲವು ವರ್ಷ ಮಾಲೂರಿನ ಕಚೇರಿಯೊಂದರಲ್ಲಿ ದುಡಿದ ಮುರಳಿ ಈಗ ಮನೆಯ ಮುಂಗೋಣೆಯಲ್ಲೇ ಅಂಗಡಿ, ಶಾಲೆ, ಆಸ್ಪತ್ರೆಗಳ ವೆಬ್‌ಸೈಟು ಕಟ್ಟುತ್ತಾರೆ. ಗೋಡೆಯಾಚೆ ತಾಯಿ ಮುನಿಗಂಗಮ್ಮ ಮೇವು ಕತ್ತರಿಸುವ ಸದ್ದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪರದೆಯ ಮೇಲೆ ಇಂಗ್ಲಿಷ್. ಸಂಜೆ ಹೊತ್ತು ಬರೆಯುವ ಬ್ಲಾಗು ಮಾತ್ರ ಕನ್ನಡದ್ದು. ಒತ್ತಲು ಹೋದರೆ ಜಾರಿಕೊಳ್ಳುವ ಗುಂಡಿಗಳು, ಚೂರುಚೂರಾಗಿ ಕಾಣುವ ಕನ್ನಡ ಅಕ್ಷರ, ಓದುವ ಮೊದಲೇ ಆ್ಯಪ್ ಹಾಕಿಕೋ ಎಂದು ದುಂಬಾಲು ಬೀಳುವ ಪುಟಗಳು, ಎಲ್ಲಕ್ಕೂ ಅಲ್ಲಿ ಬೈಗುಳ ಕಾದಿರುತ್ತದೆ. ಹಸು ಹಾಲು ಕೊಡದಿದ್ದರೆ ಹಸುವನ್ನು ಬೈಯಬಹುದು, ಇವನು ಬೈಯುವುದು ಯಾರನ್ನೆಂದು ಇವನಿಗೇ ಗೊತ್ತಿಲ್ಲ ಎಂದು ಮುನಿಗಂಗಮ್ಮ ನಗುತ್ತಾರೆ.

ಮುರಳಿಗೆ ಕೆಲಸ ತಂದುಕೊಡುವವರು ಮುಳಬಾಗಿಲಿನ ಗೆಳೆಯ ವಂಶಿಕೃಷ್ಣ. ಬ್ಲಾಗನ್ನು ಇಂಗ್ಲಿಷಿಗೆ ತಿರುಗಿಸು ಎಂಬುದು ಅವರ ಹಳೆಯ ಒತ್ತಾಯ. "ನಿನ್ನ ಕನ್ನಡ ಓದೋರು ಸಸಿ ತಗೊಳ್ಳೋರು ಕಣೋ, ಸೈಟ್ ಮಾಡಿಸೋರಲ್ಲ." ಕೆಲಸ ಕಡಿಮೆಯಿದ್ದ ದಿನಗಳು, ಮುರಳಿ ಒಪ್ಪಿಕೊಂಡೂ ಇದ್ದರು. ಮೊದಲ ಇಂಗ್ಲಿಷ್ ಬರಹ ಅಂಜಮ್ಮನ ಕುರಿತೇ ಆಗಲೆಂದು ಕೂತರು.

"ಇಂಗ್ಲಿಷ್‌ನಲ್ಲಿ ಎಲ್ಲಾ ಸರಿಯಾಗೇ ಬಂತು," ಎನ್ನುತ್ತಾರೆ. "ಅಂಜಮ್ಮ ಮಾತ್ರ ಬರ್ಲಿಲ್ಲ. ಅವ್ರ ಜಾಗದಲ್ಲಿ 'ಯೂಸರ್' ಅಂತ ಯಾರೋ ಬಂದು ನಿಂತ್ಕೊಂಡ್ರು."

ಅಳಿಸಿದರು. ಕನ್ನಡದಲ್ಲೇ ಬರೆದು ಹಾಕಿದರು. ನರ್ಸರಿಯ ಹೆಸರು ಬರೆಯಲಿಲ್ಲ. ಆದರೂ ಆ ಚೌಕ ಬೇಕೆಂದಿದ್ದವರು ಅದರ ಮಾಲೀಕರೇ, ಸಿಟ್ಟಾದರೆ ಕೆಲಸವೂ ಹೋಗುತ್ತದೆ, ಅದನ್ನು ಕೊಡಿಸಿದ ವಂಶಿಯ ಮಾತಿನ ಬೆಲೆಯೂ ಹೋಗುತ್ತದೆ.

ಮೊನ್ನೆ ಮಾಲೀಕ ದೊಡ್ಡವೆಂಕಟಪ್ಪನವರ ಫೋನು ಬಂತು. ಇಂಗ್ಲಿಷ್ ಓದದ ಅವರು ಈ ಬರಹವನ್ನು ಎರಡು ಸಲ ಓದಿದ್ದರು.

"ಏನಪ್ಪಾ, ನನ್ನ ಅಂಗಡಿ ಬಾಗ್ಲಲ್ಲಿ ನಾನೇ ಅಡ್ಡ ನಿಂತಿದೀನಾ?"

ಮುರಳಿ ಹೌದೆಂದರು. ಚೌಕ ತೆಗೆದುಹಾಕಲು ಹೇಳಿದ ದೊಡ್ಡವೆಂಕಟಪ್ಪ, ನಿನ್ನ ಬ್ಲಾಗಿನ ಅಕ್ಷರವೂ ಬಲು ಸಣ್ಣದು, ಮೊದಲು ಅದನ್ನು ಸರಿಮಾಡಿಕೋ ಎಂದು ಗದರಿ ಫೋನಿಟ್ಟರು. ಅಕ್ಷರ ಅಂದೇ ದೊಡ್ಡದಾಯಿತು. ಇಂಗ್ಲಿಷಿನ ಮಾತನ್ನು ವಂಶಿಕೃಷ್ಣ ಇನ್ನೂ ಬಿಟ್ಟಿಲ್ಲ. ಮುರಳಿ ಈಗ ನಕ್ಕುಬಿಡುತ್ತಾರೆ.

"ಸೈಟ್ ಮಾಡಿದ್ದು ಯಾರು ಅಂತ ಯಾರಿಗೂ ಗೊತ್ತಾಗ್ಬೇಕಿಲ್ಲ," ಎನ್ನುತ್ತಾರೆ, ಅಂಜಮ್ಮನಿಂದ ಕಣ್ಣು ತೆಗೆಯದೆ. "ಸಾಲು ಮುಂದಕ್ಕೆ ಹೋಗೋಷ್ಟ್ರಲ್ಲಿ ರೇಟು ಕಂಡ್ರೆ ಸಾಕು."

ಅಂಜಮ್ಮ ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡು ಒತ್ತುತ್ತಾರೆ. ದರ ಓದಿ, ಫೋನನ್ನು ಒಮ್ಮೆ ಅತ್ತಿತ್ತ ತಿರುಗಿಸಿ ನೋಡುತ್ತಾರೆ.

"ಅಡ್ಡ ನಿಂತಿದ್ದೋರು ಎಲ್ಲಿ ಹೋದ್ರು ನಾಯನಾ?"

"ನಾನೇ ಕಳಿಸ್ದೆ," ಎಂದು ಮುರಳಿ ತಮ್ಮ ಕ್ಯಾನನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸುತ್ತಾರೆ.