ಕಾಂತವ್ವನ ಕೈ

ಡಾಕ್ಟರು ಮಾಡಬಹುದು ಅಂದದ್ದನ್ನು ನಾನು ಮಾಡಬಾರದು ಅಂತ ಹೇಳಿದೆ. ಇದೇ ನನ್ನ ತಪ್ಪು. ಮೊದಲೇ ಹೇಳಿಬಿಡುತ್ತೇನೆ — ಯಾಕೆಂದರೆ ಮಾತಿಗೆ ಕೂತರೆ ನಾನು ನಗಿಸಿ, ಚಹಾ ಕುಡಿಸಿ, ಹೇಳಬೇಕಾದ್ದನ್ನು ನುಂಗಿಕೊಂಡು ಎದ್ದುಹೋಗುವ ಪೈಕಿ. ಇಷ್ಟು ವರ್ಷ ಹಾಗೇ ಮಾಡಿದ್ದೇನೆ.

ಅವತ್ತು ಅಹಮದಾಬಾದಿನ ಆಸ್ಪತ್ರೆಯ ಕೋಣೆಯಲ್ಲಿ ಇದ್ದವರು ಮೂರೇ ಜನ. ಮೇಜಿನ ಆಚೆ ಡಾಕ್ಟರು. ಈಚೆ ಸ್ಟೂಲಿನ ಮೇಲೆ ನನ್ನ ಅವ್ವ, ತಲೆಯ ಮೇಲೆ ಸೆರಗು ಬಿಗಿದುಕೊಂಡು — ಕೂದಲೆಲ್ಲ ಉದುರಿಹೋಗಿತ್ತು. ಪಕ್ಕದಲ್ಲಿ ನಾನು. ಬಾಗಿಲ ಹೊರಗಿನ ಬೆಂಚಿನಲ್ಲಿ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ವಡೋದರಾದ ನಮ್ಮ ಎದುರು ಮನೆಯ ಕಾಂತಾಬೇನ್ ಕೂತಿದ್ದರು. ಡಾಕ್ಟರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವ್ವನಿಗೆ ಧಾರವಾಡದ ಕನ್ನಡ ಬಿಟ್ಟರೆ ಬೇರೆ ಬಾರದು. ಕಾಂತಾಬೇನ್‌ಗೆ ಗುಜರಾತಿ, ಜೊತೆಗೆ ಒಂದಿಷ್ಟು ಹರಕು ಹಿಂದಿ. ಯಾರು ಯಾರಿಗೆ ಏನು ಹೇಳಬೇಕಾದರೂ ಅದು ನನ್ನ ಬಾಯಿಯಿಂದಲೇ ಹಾದುಹೋಗಬೇಕು. ಅಂಥ ಬಾಯಿ ನನ್ನದು. ಎಲ್ಲರೂ ಅದನ್ನು ನಂಬಿದ್ದರು.

ನನ್ನ ಗಂಡನಿಗೆ ವಿಮಾ ಕಚೇರಿಯಲ್ಲಿ ಕೆಲಸ, ವಡೋದರಾಕ್ಕೆ ವರ್ಗ. ಅಪ್ಪ ಹೋದ ಮೇಲೆ ಒಬ್ಬಳೇ ಇದ್ದ ಅವ್ವನ ಎದೆಯಲ್ಲಿ ಗಂಟು ಸಿಕ್ಕಾಗ ನಾನೇ ಹೋಗಿ ಕರೆದುಕೊಂಡು ಬಂದೆ. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಔಷಧಿಯ ಬಾಟಲಿಗಳು. ಬೆಳಗಿನ ರೈಲಿಗೆ ಅಹಮದಾಬಾದ್, ಸಂಜೆಯ ರೈಲಿಗೆ ವಾಪಸು. ವಾಂತಿಗೆ ಶುಂಠಿ, ನಿಂಬೆಹಣ್ಣು, ಪುಟಾಣಿ ಪುಡಿಯ ಗಂಜಿ — ಇಷ್ಟನ್ನು ನಾನು ಸಂಭಾಳಿಸಿದೆ. ಆ ಔಷಧಿಯಿಂದ ಹತ್ತಿದ ಅಂಗಾಲಿನ ಉರಿ ಮಾತ್ರ ನನ್ನ ಕೈಗೆ ಬಗ್ಗಲಿಲ್ಲ.

"ಕೆಂಡಾ ತುಳದಂಗ ಆಗ್ಯೇದವಾ," ಅನ್ನುತ್ತಿದ್ದಳು ಅವ್ವ. ನಾನು ತಿಕ್ಕಲು ಹೋದರೆ ಕಾಲು ಎಳೆದುಕೊಳ್ಳುವಳು. "ನಿಂದು ಅವಸರದ ಕೈ. ಪಾತ್ರಿ ತಿಕ್ಕಿದಂಗ ತಿಕ್ಕತೀ."

ಒಂದು ಮಧ್ಯಾಹ್ನ ಕಾಂತಾಬೇನ್ ಕಂಚಿನ ಪುಟ್ಟ ಬಟ್ಟಲು ಹಿಡಿದುಕೊಂಡು ಬಂದರು. ನೆಲಕ್ಕೆ ಹಳೆಯ ಪೇಪರು ಹಾಸಿ, ಅವ್ವನ ಅಂಗಾಲಿಗೆ ತುಪ್ಪ ಸವರಿ, ಬಟ್ಟಲಿನ ತಳದಿಂದ ಮೆಲ್ಲಗೆ ಸುತ್ತು ಸುತ್ತಾಗಿ ನೀವತೊಡಗಿದರು. ಅಲ್ಲಿನ ಮನೆಗಳಲ್ಲಿ ಇದು ಮಾಮೂಲಿ ಉಪಚಾರ. ಸ್ವಲ್ಪ ಹೊತ್ತಿಗೆ ತುಪ್ಪ ಕಪ್ಪಾಯಿತು. "ಗರ್ಮೀ ಹೊರಗೆ ಬರ್ತಾ ಇದೆ, ನೋಡು," ಅಂದರು — ಮೈಯ ಉಷ್ಣ. ನನ್ನ ಗಂಡ ಪೇಪರಿನ ಮರೆಯಿಂದ, "ಗರ್ಮೀ ಅಲ್ಲ, ಕಂಚು," ಅಂತ ಕನ್ನಡದಲ್ಲಿ ಗೊಣಗಿದರು. ನಾನು ನಕ್ಕೆ. ಅವ್ವ ನಗಲಿಲ್ಲ. ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು.

ಅಂದಿನಿಂದ ಅವರು ದಿನಾ ಬರತೊಡಗಿದರು. ಅವ್ವ ಅವರನ್ನು ಕಾಂತವ್ವ ಮಾಡಿಕೊಂಡಳು. "ಕಾಂತವ್ವ ಬಂದಳೇನ?" — ಎದ್ದ ಕೂಡಲೇ ಇದೇ ಪ್ರಶ್ನೆ. ಇವಳು ಕನ್ನಡದಲ್ಲಿ, ಅವರು ಗುಜರಾತಿಯಲ್ಲಿ, ಇಬ್ಬರದೂ ನಿಲ್ಲದ ಮಾತು. "ಆಕಿ ಏನಂತಾಳೋ ನನಗ ತಿಳಿಯೂದಿಲ್ಲ. ಅದಕ್ಕ ನೋಡು, ಆಕಿ ಮ್ಯಾಲ ಸಿಟ್ಟು ಬರೂದಿಲ್ಲ," ಅಂದಳೊಮ್ಮೆ. ನಾನೂ ನಕ್ಕೆ. ಒಳಗೆ ಎಲ್ಲೋ ಚುರ್ ಅಂದಿತು — ಆಗಲೇ ಅಂದಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೊಂದು ದಿನ ಗಂಜಿ ಹಿಡಿದು ಬಾಗಿಲವರೆಗೆ ಬಂದವಳು ಅಲ್ಲೇ ನಿಂತೆ. ಅವ್ವ ಕಾಂತಾಬೇನ್‌ಗೆ ಹೇಳುತ್ತಿದ್ದಳು: "ಚೊಚ್ಚಲ ಕೂಸು, ಕಾಂತವ್ವಾ. ಜ್ವರ ಬಂದಾಗ ಅದರ ಕಾಲೂ ಹಿಂಗs ಸುಡತಿದ್ದುವು. ನಾ ತಣ್ಣೀರ ಅರಿವಿ ಹಾಕಕೋತ ಕೂತೆ. ಮುಂಜಾನಿಗೆ ತಾವs ತಣ್ಣಗಾದುವು." ಕಾಂತಾಬೇನ್ ಒಂದು ಅಕ್ಷರವೂ ತಿಳಿಯದೆ, "ಹಾ ಬೇನ್, ಹಾ," ಅನ್ನುತ್ತ ಪಾದ ನೀವುತ್ತಿದ್ದರು. ನನಗಿಂತ ಮೊದಲು ಒಂದು ಕೂಸು ಹುಟ್ಟಿತ್ತೆಂದೇ ನನಗೆ ಗೊತ್ತಿರಲಿಲ್ಲ. ಅವ್ವ ತಿರುಗಿ ನನ್ನನ್ನು ನೋಡಿದಳು. ನೋಡಿ — ಮಾತು ನಿಲ್ಲಿಸಿದಳು.

ವಾಂತಿಗೆ ಬೇಸಿನ್ ಹಿಡಿದವಳು ನಾನು. ರೈಲಿನಲ್ಲಿ ಅವಳ ತಲೆಯನ್ನು ಹೆಗಲ ಮೇಲೆ ಹೊತ್ತು ತಂದವಳು ನಾನು. ಮಾತು ಮಾತ್ರ ಅವರಿಗೆ. ಈ ಲೆಕ್ಕ ಎಷ್ಟು ಕೆಟ್ಟದ್ದು ಅಂತ ಈಗ ಗೊತ್ತು. ಆಗಲೂ ಗೊತ್ತಿತ್ತೋ ಏನೋ —

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕಾಂತಾಬೇನ್ ತಾವಾಗಿ ಜೊತೆಗೆ ಬಂದರು. ನಾನು ಡಾಕ್ಟರನ್ನು ಆ ತುಪ್ಪ, ಆ ಬಟ್ಟಲಿನ ಬಗ್ಗೆ ಕೇಳಿದೆ. ಬೇಡ ಅನ್ನಲಿ ಎಂದೇ ಕೇಳಿದೆ. ಅವರು ನಕ್ಕರು. "ರೋಗ ಇದರಿಂದ ಹೋಗುವುದಿಲ್ಲ, ವಿಷವೂ ಹೊರಗೆ ಬರುವುದಿಲ್ಲ. ಔಷಧಿ ತಪ್ಪಿಸಬೇಡಿ. ಆದರೆ ಅವರಿಗೆ ಆರಾಮ ಅನ್ನಿಸಿ ನಿದ್ದೆ ಬರುತ್ತಿದ್ದರೆ ಖಂಡಿತ ಮಾಡಲಿ, ಹಗುರವಾಗಿ. ಚರ್ಮ ಒಡೆದರೆ ಮಾತ್ರ ನಿಲ್ಲಿಸಿ."

ಅವ್ವ ನನ್ನ ಮುಖ ನೋಡುತ್ತಿದ್ದಳು. "ಏನಂದರು?"

"ಚರ್ಮಾ ಒಡೀತದಂತ. ನಿಲ್ಲಿಸಬೇಕಂತ."

ಡಾಕ್ಟರ ಮಾತಿನ ಬಾಲವನ್ನಷ್ಟೇ ಕತ್ತರಿಸಿ ಕೊಟ್ಟೆ. ಅವ್ವ ತನ್ನ ಪಾದಗಳನ್ನು ನೋಡಿಕೊಂಡಳು. "ಡಾಕ್ಟರs ಅಂದಮ್ಯಾಲ ಮುಗೀತು ಬಿಡು," ಅಂದಳು.

ಹೊರಗೆ ಬಂದು ಕಾಂತಾಬೇನ್‌ಗೂ ಅದನ್ನೇ ಹಿಂದಿಯಲ್ಲಿ ಹೇಳಿದೆ. ಅವರ ಕೈಯಲ್ಲಿ ಡಬ್ಬಿ ಹಾಗೇ ನಿಂತಿತು. "ನನ್ನ ಕೈಯಿಂದ ಏನಾದರೂ ಕೆಟ್ಟಿತಾ, ಬೇಟಾ?" ಅಂತ ಕೇಳಿದರು. ಇಲ್ಲ ಅನ್ನಬಹುದಿತ್ತು. ಸುಳ್ಳನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು.

"ಥೋಡಾ," ಅಂದೆ. ಸ್ವಲ್ಪ.

ಸಂಜೆಯ ರೈಲಿನಲ್ಲಿ ಅವರು ಕಿತ್ತಳೆಹಣ್ಣು ತೆಗೆದರು. ಮನೆಯಲ್ಲಾದರೆ ದಿನಾ ತಾವೇ ಸುಲಿದು, ನಾರು ಬಿಡಿಸಿ, ಅವ್ವನ ಬಾಯಿಗಿಡುವವರು. ಅವತ್ತು ಹಣ್ಣನ್ನು ನನ್ನ ಕೈಗೆ ಕೊಟ್ಟರು. "ನೀನೇ ಸುಲಿದು ಕೊಡು," ಅಂದು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು.

ಬಾರದಾದರು ಅಂತಲ್ಲ. ಬರುತ್ತಿದ್ದರು, ಖಿಚಡಿ ತರುತ್ತಿದ್ದರು, ದೂರದ ಕುರ್ಚಿಯಲ್ಲಿ ಕೂರುತ್ತಿದ್ದರು. ಅವ್ವ ಅವರ ಕೈಗಳನ್ನು ನೋಡುವಳು. ಮಾತು ತಾನಾಗಿ ಕಡಿಮೆಯಾಯಿತು. ಮಧ್ಯಾಹ್ನ ಉರಿ ತಾಳದಾದಾಗ ಅವ್ವ ಮಂಚವನ್ನು ಸ್ಟೀಲಿನ ಕಪಾಟಿನ ಹತ್ತಿರ ಹಾಕಿಸಿಕೊಂಡು, ತಂಪಿಗೆ ಅಂತ ಅಂಗಾಲುಗಳನ್ನು ಅದಕ್ಕೆ ಒತ್ತಿ ಮಲಗುವಳು. ಒಂದು ಕಡೆ ಬೆಚ್ಚಗಾದರೆ ಇನ್ನೊಂದು ಕಡೆಗೆ ಸರಿಸುವಳು. ಕಪಾಟಿನ ತುಂಬ ಪಾದಗಳ ಮಸಕು ಗುರುತು.

ಒಮ್ಮೆ ಪಿಸುಗುಟ್ಟಿದಳು: "ಒಂದೀಟು ತುಪ್ಪಾ ಹಚ್ಚವಾ, ನೀನs ಹಚ್ಚು. ಯಾರಿಗೂ ಹೇಳೂದು ಬ್ಯಾಡ."

ಅದೇ ನಾನು ಬಯಸಿದ್ದು, ಅಲ್ಲವೇ? ಅವಳು ನನ್ನನ್ನು ಕೇಳಲಿ ಅಂತ. ಕೇಳಿದಳು. ಹಚ್ಚಿದರೆ ನನ್ನ ಸುಳ್ಳು ಬಯಲಾಗುತ್ತದೆ. "ಡಾಕ್ಟರು ಬ್ಯಾಡ ಅಂದಾರಲ್ಲವ್ವ," ಅಂದೆ. ಅವಳು ಮತ್ತೆ ಕಪಾಟಿನ ಕಡೆ ತಿರುಗಿದಳು.

ಮುಂದಿನ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಆ ರೋಗದಿಂದಲೇ, ತುಪ್ಪ ಅದನ್ನು ತಡೆಯುತ್ತಿರಲಿಲ್ಲ, ನನಗೆ ಗೊತ್ತು. ಆದರೆ ಇದ್ದಷ್ಟು ದಿನ ಅವಳು ನಿದ್ದೆ ಮಾಡಬಹುದಿತ್ತು. ನಾವಿದ್ದ ಹೌಸಿಂಗ್ ಸೊಸೈಟಿಯ ಹೆಂಗಸರೆಲ್ಲ ಬಂದು ಅವಳ ಪಾದ ಮುಟ್ಟಿ ನಮಸ್ಕರಿಸಿದರು. ಕಾಂತಾಬೇನ್ ಪಾದದ ಪಕ್ಕದ ನೆಲವನ್ನು ಮುಟ್ಟಿದರು.

ನಮಗೆ ಸೂರತ್ತಿಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಅದೇ ಸೊಸೈಟಿಯಲ್ಲೊಂದು ಮದುವೆಗೆ ಹೋದಾಗ ಕಾಂತಾಬೇನ್‌ರ ಮನೆಗೂ ಹೋದೆ. ಅವರ ಸೊಸೆ ಹಂಸಾಳ ಮಗು ಅಂಬೆಗಾಲಿಡುತ್ತಿತ್ತು. ಎಣ್ಣೆ ನೀವಿ ಬೆಳೆಸಿದ ಮೈ ಚೆನ್ನಾಗಿದೆ, ಅಜ್ಜಿಯ ಕೈ ಅಲ್ಲವೇ, ಅಂದೆ. ಹಂಸಾ ನಕ್ಕಳು. "ಎಲ್ಲಿಯ ಅಜ್ಜಿ, ದೀದಿ. ಸಂಬಳಕ್ಕೆ ಒಬ್ಬ ಹೆಂಗಸು ಬಂದು ನೀವಿ ಹೋದಳು. ನಮ್ಮತ್ತೆ ಮುಟ್ಟಲೇ ಇಲ್ಲ. ಅವರ ಕೈ ಕೆಡುಕಂತೆ, ಚರ್ಮ ಒಡೆಯುತ್ತದಂತೆ. ಯಾರು ತುಂಬಿದರೋ ತಲೆಯಲ್ಲಿ."

ಕಾಂತಾಬೇನ್ ಬಾಲ್ಕನಿಯಲ್ಲಿ ತೊಗರಿಕಾಯಿ ಬಿಡಿಸುತ್ತಿದ್ದರು. ಹೋಗಿ ಎದುರಿಗೆ ಕೂತೆ. ಎಲ್ಲ ಹೇಳಿದೆ — ಡಾಕ್ಟರು ಹೌದು ಅಂದಿದ್ದನ್ನು, ನಾನು ಬಾಗಿಲಲ್ಲಿ ನಿಂತು ಕೇಳಿದ್ದನ್ನು, ಆ 'ಥೋಡಾ' ಅನ್ನು. ಅವರ ಬೆರಳು ಕಾಯಿ ಬಿಡಿಸುತ್ತಲೇ ಇದ್ದುವು. ಮುಗಿದ ಮೇಲೆ ಒಂದೇ ಮಾತು ಕೇಳಿದರು.

"ನಿನ್ನ ಅಮ್ಮನಿಗೆ ಇದು ಗೊತ್ತಾಯಿತಾ?"

"ಇಲ್ಲ."

"ಹಾಗಾದರೆ ಅವಳೂ ನನ್ನ ಕೈಯೇ ಕೆಟ್ಟದ್ದು ಅಂತ..." ಅಷ್ಟಕ್ಕೆ ನಿಲ್ಲಿಸಿ, ಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಹಂಸಾ ತಂದ ಚಹಾ ಕುಡಿದು ನಾನು ಸ್ಟೇಷನ್ನಿಗೆ ಹೋದೆ.

ಅವ್ವನಿಗೆ ಹೇಳುವ ಕಾಲ ಮೀರಿದೆ. ಕಾಂತಾಬೇನ್‌ಗೆ ಹೇಳಿದ್ದೂ ತಡವಾಯಿತು. ಈಗ ಇಲ್ಲಿ, ಅವ್ವ ಕಲಿಸಿದ ಭಾಷೆಯಲ್ಲಿ, ಯಾವ ಮಾತಿನ ಬಾಲವನ್ನೂ ಕತ್ತರಿಸದೆ ಬರೆದಿದ್ದೇನೆ.

ಆ ಮದುವೆಯ ಮರುವರ್ಷ ಹಂಸಾ ಸೂರತ್ತಿಗೆ ಫೋನು ಮಾಡಿದ್ದಳು, ಎರಡನೆಯದು ಹೆಣ್ಣುಮಗು. ಮಗುವಿಗೆ ಎಣ್ಣೆ ನೀವುವವರು ಯಾರು ಅಂತ ಕೇಳಿದೆ.

"ಅದೇ ಸಂಬಳದ ಹೆಂಗಸು," ಅಂದಳು. "ಆದರೆ ಈ ಸಲ ಅತ್ತೆ ತಾವೇ ಎಣ್ಣೆ ಬೆಚ್ಚಗೆ ಮಾಡಿ ಬಾಗಿಲವರೆಗೆ ತಂದು ಕೊಡುತ್ತಾರೆ. ಒಳಗೆ ಬರುವುದಿಲ್ಲ. ಅಲ್ಲೇ ನಿಂತು, ಮೆಲ್ಲಗೆ, ಮೆಲ್ಲಗೆ, ಅಂತ ಅವಳಿಗೆ ಹೇಳುತ್ತಿರುತ್ತಾರೆ."